ಮನೆತನದ ವ್ಯಾಪಾರದಲ್ಲಿ ನೌಕರನ ಸ್ಥಾನ

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಹೊಟೇಲು ನಡೆಸುವವರೇ ತುಂಬಿರುವ ಈ ಸಭೆಯಲ್ಲಿ ನೌಕರರನ್ನು ನಡೆಸಿಕೊಳ್ಳುವ ಬಗೆಯನ್ನು ಕುರಿತು ಬ್ಯಾಂಕಿನ ಗುಮಾಸ್ತರಾದ ನಾವು ಮಾತನಾಡುವುದೆಂದರೆ ಅಡಿಗೆಯವರಿಗೆ ಉಪ್ಪಿನ ಹದ ಹೇಳಿದಂತೆ. ಆದರೂ ಒಂದು ಕಾರಣದಿಂದ ನಮಗೆ ಈ ಮಾತಿಗೆ ಅಧಿಕಾರವುಂಟು. ಮಾಲೀಕರೂ ನಮ್ಮ ಗಿರಾಕಿಗಳು, ಅವರ ನೌಕರರೂ ನಮ್ಮ ಗಿರಾಕಿಗಳು. ಒಬ್ಬರ ಖಾತೆಯಿಂದ ಹೊರಟ ಸಂಬಳ ಇನ್ನೊಬ್ಬರ ಖಾತೆಗೆ ಯಾವ ತಾರೀಖಿಗೆ ಸೇರಿತೆಂಬುದು ನಮಗೆ ಕಾಣುತ್ತದೆ. ಕಂಡ ಅಂಕಿಗಳನ್ನು ಹೊರಗೆ ಹೇಳುವಂತಿಲ್ಲ. ಅವುಗಳಿಂದ ಕಲಿತುದನ್ನು ಹೇಳಲು ಅಡ್ಡಿಯಿಲ್ಲ.

ಮುಂಬಯಿಯ ನಮ್ಮ ಉಡುಪಿ ಹೊಟೇಲುಗಳು ಬಹುಮಟ್ಟಿಗೆ ಮನೆತನದ ವ್ಯಾಪಾರಗಳು. ಮಾಟುಂಗದಲ್ಲಿ 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ತೆರೆದ ಎ. ರಾಮ ನಾಯಕರು ಅಡಿಗೆಮನೆಯ ಹುಡುಗನಾಗಿ ದುಡಿದು ಮೇಲೆ ಬಂದವರು. ಮದರಾಸಿನಲ್ಲಿ 1938ರಲ್ಲಿ ವುಡ್‌ಲ್ಯಾಂಡ್ಸ್ ತೆರೆದ ಕೆ. ಕೃಷ್ಣರಾಯರೂ ಮೊದಲು ಪರರ ಹೊಟೇಲಿನಲ್ಲಿ ಹಿಟ್ಟು ರುಬ್ಬಿದವರೇ. ಅವರ ಧನಿಗಳು ತಮ್ಮದೊಂದು ಹೊಟೇಲನ್ನು ಕಂತಿನ ಮೇಲೆ ಅವರಿಗೆ ಬಿಟ್ಟುಕೊಟ್ಟರು. ಲೋಟ ತೊಳೆಯುವವನು ಮಾಣಿಯಾಗಿ, ಮಾಣಿಯು ಗಲ್ಲೆಯ ಮೇಲೆ ಕುಳಿತು, ಕೊನೆಗೆ ತನ್ನದೇ ಬೋರ್ಡು ಹಾಕುವ ದಾರಿಯೊಂದು ಆ ಕಾಲದಲ್ಲಿ ಕಣ್ಣೆದುರಿಗೇ ಇದ್ದಿತು. ಹಗಲು ದುಡಿದು, ರಾತ್ರಿಶಾಲೆಯಲ್ಲಿ ಓದಿ, ಉದ್ಯೋಗಸ್ಥರಾದ ಹುಡುಗರೂ ಅನೇಕರು.

ಅಂದಿನ ಧನಿಗೆ ಹುಡುಗನ ಊರು ಗೊತ್ತು, ತಾಯಿ ಗೊತ್ತು. ಊಟ ಹೊಟೇಲಿನಲ್ಲೇ, ನಿದ್ದೆ ಹೊಟೇಲಿನಲ್ಲೇ. ಸಂಬಳ ಧನಿಯ ಬಳಿಯಲ್ಲೇ ಜಮೆ. ಊರಿಗೆ ಹೊರಟಾಗ ಲೆಕ್ಕ ಮಾಡಿ ಕೊಡುವುದು. ಧನಿ ಸತ್ಯವಂತನಾದರೆ ಹುಡುಗನಿಗೆ ಅದೇ ಬ್ಯಾಂಕು. ಅಲ್ಲದಿದ್ದರೆ ಕೇಳುವವರಿಲ್ಲ, ಏಕೆಂದರೆ ಪುಸ್ತಕವೂ ಧನಿಯದೇ.

ಈಗ ಕಾಲ ಬದಲಾಗಿದೆ. ಕರಾವಳಿಯ ಹುಡುಗರು ಓದಿ ಕಚೇರಿಗಳಿಗೂ ಕೊಲ್ಲಿಯ ದೇಶಗಳಿಗೂ ಹೋದರು. ಇಂದು ನಮ್ಮ ಇಡ್ಲಿ ತಂದಿಡುವವನು ಒಡಿಶಾದವನು, ಉತ್ತರ ಪ್ರದೇಶದವನು, ನೇಪಾಳದವನು. ಅವನಿಗೂ ನಾವು “ನೀನು ನಮ್ಮ ಮನೆಯವನೇ” ಎನ್ನುತ್ತೇವೆ. ಮಾತು ಒಳ್ಳೆಯದೇ. ಆದರೆ ಊರಿನ ನಂಟು ಇಲ್ಲದವನಿಗೆ ಆ ಮಾತಿನ ಬೆಲೆ ತಿಳಿಯುವುದು ಲೆಕ್ಕದ ಪುಸ್ತಕದಿಂದ ಮಾತ್ರ. ಮನೆಯವನೆಂದು ಕರೆದ ಮೇಲೆ ಹಾಗೆಂದು ಲೆಕ್ಕದಲ್ಲಿಯೂ ಬರೆಯಬೇಕು. ಇದೊಂದೇ ನಮ್ಮ ಇಂದಿನ ಅರಿಕೆ.

ಮೊದಲನೆಯದು, ಸಂಬಳವು ಗೊತ್ತಾದ ತಾರೀಖಿಗೆ ಅವನ ಹೆಸರಿನ ಖಾತೆಗೇ ಹೋಗಬೇಕು. ಊರಿನಲ್ಲಿರುವ ಅವನ ಮನೆ ಆ ತಾರೀಖನ್ನು ಎಣಿಸುತ್ತಿರುತ್ತದೆ.

ಎರಡನೆಯದು, ಗ್ರಾಚ್ಯುಯಿಟಿ. ಹತ್ತು ಮಂದಿಯೋ ಹೆಚ್ಚೋ ದುಡಿಯುವಲ್ಲಿ ಐದು ವರ್ಷ ಸತತವಾಗಿ ಸೇವೆ ಮಾಡಿದವನಿಗೆ ವರ್ಷಕ್ಕೆ 15 ದಿನಗಳ ಸಂಬಳದಂತೆ ಕೊಡಬೇಕೆಂಬ ಕಾಯಿದೆ 1972ರಲ್ಲಿಯೇ ಬಂದಿತು. ಮುದಿ ಅಡಿಗೆಯವನು ಹೊರಟು ನಿಂತಾಗ ಈ ಮೊತ್ತ ಬೆಟ್ಟದಂತೆ ಕಾಣುವುದು, ಆಗ ಚೌಕಾಶಿ ಆರಂಭವಾಗುವುದು. ಸ್ವಲ್ಪ ಗಣಿತ ಮಾಡೋಣ. ತಿಂಗಳ ಸಂಬಳ 13,000 ರೂಪಾಯಿ ಎಂದಿಟ್ಟುಕೊಂಡರೆ, ತಿಂಗಳಿಗೆ 26 ಕೆಲಸದ ದಿನಗಳ ಲೆಕ್ಕದಲ್ಲಿ, 15 ದಿನಕ್ಕೆ 7,500 ರೂಪಾಯಿ. 20 ವರ್ಷಕ್ಕೆ ಒಂದೂವರೆ ಲಕ್ಷ. ಆದರೆ ದಿನವಹಿ ಎತ್ತಿಟ್ಟರೆ ಸುಮಾರು 21 ರೂಪಾಯಿ ಮಾತ್ರ. ಕೊನೆಯ ಸಂಬಳದ ಮೇಲೆ ಲೆಕ್ಕ ಹಾಕುವುದರಿಂದ ಸಂಬಳ ಏರಿದಂತೆ ಇದನ್ನೂ ಏರಿಸಬೇಕು. ದಿನಕ್ಕೆ ಎರಡಾಣೆ ಕೂಡಿಸುವ ಪಿಗ್ಮಿ ಠೇವಣಿಯನ್ನು 1928ರಲ್ಲಿ ಮನೆಬಾಗಿಲಿಗೆ ಕೊಂಡೊಯ್ದ ಸಿಂಡಿಕೇಟ್ ಬ್ಯಾಂಕು ಹುಟ್ಟಿದ್ದು ಉಡುಪಿಯಲ್ಲೇ. 2020ರಲ್ಲಿ ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಬ್ಯಾಂಕಿನ ಹೆಸರು ಹೋದರೂ ಅದು ಕಲಿಸಿದ ಅಭ್ಯಾಸ ಹೋಗಬೇಕಾಗಿಲ್ಲ.

ಮೂರನೆಯದು, ಅಪ್ಪಣೆ ಕೊಡುವವರು ಯಾರೆಂಬುದು ನಿಶ್ಚಯವಾಗಿರಬೇಕು. ತಂದೆ ಒಂದು ಹೇಳಿ, ಮಗ ಇನ್ನೊಂದು ಹೇಳಿ, ಚಿಕ್ಕಪ್ಪ ಗಲ್ಲೆಯಿಂದಲೇ ಮೂರನೆಯದನ್ನು ಕೂಗಿದರೆ ಮಾಣಿಯು ಯಾರ ಮಾತನ್ನು ನಡೆಸಬೇಕು? ಕಾಲೇಜು ಮುಗಿಸಿ ಬಂದ ಮಗನು ಮೊದಲ ಆರು ತಿಂಗಳು ಹಳೆಯ ಮ್ಯಾನೇಜರರ ಕೈಕೆಳಗೆ ದುಡಿಯಲಿ. ಬೆಳಗಿನ ಹಾಲು ತರಕಾರಿಯ ಲೆಕ್ಕದಿಂದ ರಾತ್ರಿ ಬಾಗಿಲು ಹಾಕುವವರೆಗಿನದನ್ನು ಕಲಿಯಲಿ. ಇಪ್ಪತ್ತು ವರ್ಷ ದುಡಿದವರಿಗೆ ಸಲ್ಲತಕ್ಕ ಜಾಗವನ್ನು ನಿನ್ನೆ ಬಂದ ನಂಟನಿಗೆ ಕೊಟ್ಟರೆ, ಉಳಿದ ನೌಕರರೆಲ್ಲರಿಗೂ ತಮ್ಮ ನಾಳೆ ಏನೆಂಬುದು ಅಂದೇ ತಿಳಿದುಹೋಗುತ್ತದೆ. ಒಳ್ಳೆಯ ಕೈಗಳು ಆಮೇಲೆ ಒಂದೊಂದಾಗಿ ಜಾರುತ್ತವೆ.

ನಾಲ್ಕನೆಯದನ್ನು ಹೇಳಲು ಸಂಕೋಚವಾಗುತ್ತದೆ, ಆದರೂ ಹೇಳಲೇಬೇಕು. ಹಿರಿಯರು ತೀರಿಕೊಂಡ ಮೇಲೆ ಅಣ್ಣತಮ್ಮಂದಿರಲ್ಲಿ ವ್ಯಾಜ್ಯ ಹುಟ್ಟುವುದುಂಟು. ಪಾಲುದಾರರಲ್ಲೊಬ್ಬರು ಖಾತೆಯಿಂದ ಹಣ ಕೊಡಕೂಡದೆಂದು ಬರೆದುಕೊಟ್ಟರೆ, ಎಲ್ಲರೂ ಒಪ್ಪಿ ಬರೆದುಕೊಡುವವರೆಗೆ ಬ್ಯಾಂಕು ವ್ಯವಹಾರವನ್ನು ನಿಲ್ಲಿಸಬೇಕಾಗುತ್ತದೆ. ಇಂತಹ ಕಾಗದಗಳು ನಮ್ಮ ಮೇಜಿಗೆ ಬಂದಿವೆ. ಖಾತೆಯಲ್ಲಿ ಹಣವಿರುತ್ತದೆ, ಹೊಟೇಲಿನಲ್ಲಿ ಗಿರಾಕಿಗಳಿರುತ್ತಾರೆ, ಸಂಬಳ ಮಾತ್ರ ಇಲ್ಲ. ನೌಕರರು ಪಾಸುಪುಸ್ತಕ ಹಿಡಿದು ಬಂದು “ಬಂದಿತೇ ಸಾಹೇಬರೆ?” ಎಂದು ಕೇಳುತ್ತಾರೆ. ಇಲ್ಲವೆನ್ನುವುದರ ಹೊರತು ನಮ್ಮ ಬಳಿ ಉತ್ತರವಿರುವುದಿಲ್ಲ. ಆಸ್ತಿಯಲ್ಲಿ ಅವರಿಗೆ ಪಾಲಿಲ್ಲ, ಜಗಳದಲ್ಲಿ ಪಾಲಿಲ್ಲ, ನಷ್ಟದಲ್ಲಿ ಮಾತ್ರ ಪಾಲು.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಮನೆಯಲ್ಲಿ ಒಮ್ಮತವಿರುವಾಗಲೇ ಎರಡು ತಿಂಗಳ ಸಂಬಳದಷ್ಟು ಹಣವನ್ನು ಬೇರೆಯೇ ಖಾತೆಯಲ್ಲಿರಿಸಿ, ಏನೇ ಭೇದ ಬಂದರೂ ಸಂಬಳದ ಪಾವತಿಗೆ ಯಾರೂ ತಡೆಯೊಡ್ಡತಕ್ಕದ್ದಲ್ಲವೆಂದು ಪಾಲುದಾರಿಕೆಯ ಪತ್ರದಲ್ಲಿಯೇ ಬರೆಯಿಸಿ, ಎಲ್ಲರೂ ರುಜು ಹಾಕಬೇಕು. ಒಳ್ಳೆಯ ವಕೀಲರು ಒಂದು ಪುಟದಲ್ಲಿ ಇದನ್ನು ಮಾಡಿಕೊಡಬಲ್ಲರು.

ಇಷ್ಟೆಲ್ಲ ಮಾಡುವುದು ಕೇವಲ ಧರ್ಮಕ್ಕಾಗಿ ಅಲ್ಲ. ಮೂವತ್ತು ವರ್ಷದಿಂದ ಸಾಂಬಾರಿನ ರುಚಿಯನ್ನು ಕಾಯ್ದವನು ಎದ್ದು ಎದುರಿನ ಅಂಗಡಿಗೆ ಹೋದರೆ ಗಿರಾಕಿಯೂ ಅವನ ಹಿಂದೆಯೇ ಹೋಗುತ್ತಾನೆ. ರಾಜ್ಯೋತ್ಸವದ ದಿನ ನಾವು ಈ ನಗರದಲ್ಲಿ ಕನ್ನಡಿಗರ ಹೆಸರನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಹೆಸರನ್ನು ಸಂಪಾದಿಸಿಕೊಟ್ಟವರಲ್ಲಿ ಬೆಳಗಿನ ಐದು ಗಂಟೆಗೆ ಒಲೆ ಹೊತ್ತಿಸುವವರೂ ಸೇರಿದ್ದಾರೆಂಬುದನ್ನು ತಮ್ಮ ಗಮನಕ್ಕೆ ತರುತ್ತೇವೆ.