ಕುರುಡಿ ಮೀನಿನ ಮರಿಗಳನ್ನು ಸಾಕುವ ಬಗೆ

(ಅಳಿವೆಯ ದಂಡೆಯ ಗ್ರಾಮವೊಂದರ ಯುವಕ ಸಂಘದಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಅಳಿವೆಯಲ್ಲಿ ಪಂಜರ ಕಟ್ಟಿ ಕುರುಡಿ ಮೀನು ಸಾಕುವವರು ನಮ್ಮ ಕರಾವಳಿಯಲ್ಲಿ ಈಗ ಅನೇಕರಿದ್ದಾರೆ. ಇಲಾಖೆಯ ಕಾಗದದಲ್ಲಿ ಇದರ ಹೆಸರು ಸೀಬಾಸ್. ಚೆನ್ನೈಯ ಕೇಂದ್ರೀಯ ಸವಳುನೀರು ಜಲಕೃಷಿ ಸಂಸ್ಥೆಯವರು 1997ರಲ್ಲಿ ಇದನ್ನು ತೊಟ್ಟಿಯಲ್ಲೇ ಮರಿಮಾಡಿಸುವುದರಲ್ಲಿ ಯಶಸ್ವಿಯಾದರು. ಅಂದಿನಿಂದ ಮರಿಗಾಗಿ ಹೊಳೆಯನ್ನೇ ನಂಬಿ ಕೂರುವ ಕಷ್ಟ ಕಡಿಮೆಯಾಯಿತು. ದುಡ್ಡು ಕೊಟ್ಟರೆ ಮರಿ ಸಿಗುತ್ತದೆ. ತಂದ ಮರಿಯನ್ನು ಉಳಿಸಿಕೊಳ್ಳುವುದು ಬೇರೆ ಮಾತು.

ಹಿಂದಿನ ಸಲ ಒಂದು ಗುಂಪಿನವರು ಹಾಪಾ ಬಲೆಗೆ ಬಿಟ್ಟ ಮರಿಗಳನ್ನು ತಿಂಗಳಾದ ಮೇಲೆ ಎಣಿಸಿದರು. ಅರ್ಧಕ್ಕೂ ಕಡಿಮೆ! ಬಲೆ ಹರಿದಿರಲಿಲ್ಲ, ಸತ್ತ ಮೀನು ತೇಲಿರಲಿಲ್ಲ. ರಾತ್ರಿ ಯಾರೋ ಮೊಗೆದಿದ್ದಾರೆಂದು ಕಾವಲಿನ ಸರದಿಯವರ ಮೇಲೆ ಅನುಮಾನ ಹುಟ್ಟಿ, ಎರಡು ಮನೆಯವರು ಮಾತು ಬಿಟ್ಟರು. ಕಳ್ಳ ಬಲೆಯೊಳಗೇ ಇದ್ದ.

ಭತ್ತದ ಸಸಿಮಡಿಯಲ್ಲಿ ಹುಲುಸಾದ ಸಸಿ ಬಡಸಸಿಗೆ ನೆರಳು ಹಾಕೀತು, ಅಷ್ಟೇ. ಕುರುಡಿ ಹಾಗಲ್ಲ, ತನ್ನ ಉದ್ದದ ಮೂರರಲ್ಲಿ ಎರಡು ಪಾಲಿನಷ್ಟಿರುವ ಒಡಹುಟ್ಟನ್ನೂ ನುಂಗಬಲ್ಲದು. ಮೂರು ಅಂಗುಲದ ಮೀನಿಗೆ ಎರಡು ಅಂಗುಲದ ಮರಿ ಒಂದು ತುತ್ತು. ಅದಕ್ಕಿಂತ ದೊಡ್ಡದಾದರೆ ಬಾಲ ಕಚ್ಚುತ್ತದೆ. ಆ ಗಾಯದಿಂದ ರೋಗ ಹತ್ತುತ್ತದೆ. ದುರಾಸೆಗೆ ಬಿದ್ದದ್ದು ಕೆಲವೊಮ್ಮೆ ಗಂಟಲಲ್ಲಿ ಸಿಕ್ಕಿಸಿಕೊಂಡು ತಾನೂ ಸಾಯುತ್ತದೆ. ಬಾಯಿಂದ ಬಾಲ ಹೊರಚಾಚಿದ ಮೀನು ಕಂಡರೆ ಬೇರೆ ಸಾಕ್ಷಿ ಬೇಡ.

ಒಂದೇ ದಿನ ಹುಟ್ಟಿದ ಮರಿಗಳೂ ಒಂದೇ ಸಮನೆ ಬೆಳೆಯುವುದಿಲ್ಲ. ಮೊದಲ ವಾರ ಕೂದಲೆಳೆಯಷ್ಟಿದ್ದ ವ್ಯತ್ಯಾಸ, ಬಲವಾದದ್ದೇ ಮುಂದೆ ನುಗ್ಗಿ ತಿನ್ನುವುದರಿಂದ ದಿನದಿನಕ್ಕೆ ಹಿಗ್ಗುತ್ತದೆ. ದೊಡ್ಡವೆಲ್ಲ ಹೆಣ್ಣಿರಬೇಕೆಂದು ಊಹಿಸಬೇಡಿರಿ. ಈ ಜಾತಿಯಲ್ಲಿ ಸಾಮಾನ್ಯವಾಗಿ ಮೊದಲು ಗಂಡಾಗಿ ಬಲಿತು, ಕೆಲವು ವರ್ಷಗಳ ಮೇಲೆ ಹೆಣ್ಣಾಗುವುದು ರೂಢಿ. ಮರಿಯ ಗಾತ್ರಕ್ಕೂ ಅದಕ್ಕೂ ಸಂಬಂಧವಿಲ್ಲ.

ಆದ್ದರಿಂದ ವಿಂಗಡಣೆಯೇ ಮುಖ್ಯ ಕೆಲಸ. ಮರಿಗಳು ಹತ್ತು ಸೆಂಟಿಮೀಟರ್ ಆಗುವವರೆಗೆ ನಾಲ್ಕೈದು ದಿನಕ್ಕೊಮ್ಮೆ ತಪ್ಪದೆ ಮಾಡಬೇಕು. ಬೆಳಗಿನ ತಂಪಿನಲ್ಲಿ, ಮೇವು ಹಾಕುವ ಮೊದಲು ಮಾಡಿರಿ. ಬಿಳಿಯ ಬೋಗುಣಿಯಲ್ಲಿ ಅಳಿವೆಯದೇ ನೀರು ತುಂಬಿ, ಮರಿಗಳನ್ನು ಸ್ವಲ್ಪಸ್ವಲ್ಪವಾಗಿ ಮೊಗೆದು, ನೀರಿನೊಳಗೇ ಇಟ್ಟು ಬಟ್ಟಲಿನಿಂದ ಬೇರ್ಪಡಿಸಿರಿ. ಕೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಹೋಗುತ್ತದೆ. ದೊಡ್ಡವು, ನಡುವಿನವು, ಸಣ್ಣವು ಎಂದು ಮೂರು ಹಾಪಾಗಳು ಬೇಕು. ಎರಡೇ ಇದ್ದರೆ ಅಷ್ಟರಲ್ಲೇ ಮಾಡಿರಿ, ಆದರೆ ದೊಡ್ಡವನ್ನು ಬಿಟ್ಟುಬಿಡಬೇಡಿರಿ. ಕಾಟ ತಪ್ಪಿದ ಮೇಲೆ ಸಣ್ಣವುಗಳಲ್ಲೂ ಎಷ್ಟೋ ಚೇತರಿಸಿಕೊಳ್ಳುತ್ತವೆ. ಅವನ್ನು ಪೀಚೆಂದು ಎಸೆಯುವುದು ನಷ್ಟ.

ಇನ್ನು ಮೇವು. ಹಸಿದ ಕುರುಡಿಗೆ ನೆಂಟಸ್ತಿಕೆ ಇಲ್ಲ. ಈ ವಯಸ್ಸಿನಲ್ಲಿ ಮೈತೂಕದ ನೂರಕ್ಕೆ ಎಂಟರಿಂದ ಹತ್ತು ಪಾಲು ಮೇವು ದಿನಕ್ಕೆ ಬೇಕು. ಒಂದೊಂದು ಗ್ರಾಂ ತೂಗುವ ಸಾವಿರ ಮರಿಗಳಿದ್ದರೆ 80ರಿಂದ 100 ಗ್ರಾಂ. ಇದನ್ನು ಮೂರು ನಾಲ್ಕು ಸಲ ಹಂಚಿ ಹಾಕಿರಿ. ಒಂದೇ ಮೂಲೆಗೆ ಸುರಿದರೆ ಅಲ್ಲಿ ರೌಡಿಗಳದೇ ರಾಜ್ಯ. ಬಲೆಯ ಉದ್ದಗಲಕ್ಕೂ ಎರಚಿರಿ. ಮುಂಜಾನೆಯ ಮತ್ತು ಸಂಜೆಯ ಮೇವು ತಪ್ಪಬಾರದು. ಬಲೆಯ ಕಣ್ಣು ಪಾಚಿಯಿಂದ ಮುಚ್ಚಿದರೆ ಉಜ್ಜಿ ತೊಳೆಯಿರಿ.

ಪ್ರತಿ ವಿಂಗಡಣೆಯ ದಿನ ಎಣಿಸಿ, ಸಂಖ್ಯೆಯನ್ನು ಗುಂಪಿನ ಪುಸ್ತಕದಲ್ಲಿ ಎಲ್ಲರೆದುರು ಬರೆಯಿರಿ. ಐದು ದಿನದಲ್ಲಿ ಎಷ್ಟು ಕಡಿಮೆಯಾಯಿತೆಂದು ಆಗ ತಿಳಿಯುತ್ತದೆ. ಕಾವಲಿನವರನ್ನು ಬೈಯುವ ಮೊದಲು ದೊಡ್ಡ ಮರಿಯ ಹೊಟ್ಟೆ ನೋಡಬಹುದು. ಹತ್ತು ಸೆಂಟಿಮೀಟರ್ ದಾಟಿದ ಮೇಲೆ ಪಂಜರಕ್ಕೆ ಬಿಡಿರಿ, ಒಂದು ಪಂಜರಕ್ಕೆ ಒಂದೇ ಅಳತೆಯವನ್ನು. ಅಲ್ಲಿಯೂ ಆಗಾಗ ವಿಂಗಡಿಸುತ್ತಿರಬೇಕು, ಆದರೆ ಅವಸರ ಇಷ್ಟಿರುವುದಿಲ್ಲ.