ಬೇರಾಗುವುದಾದರೆ ಬೀದಿಗೆ ಬೀಳದೆ ಬೇರಾಗೋಣ

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ವಕೀಲರೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)

 

ಮದುವೆಯ ದುಂದುವೆಚ್ಚದ ಬಗ್ಗೆ ನಾವು ಎಷ್ಟೋ ಸಲ ಮಾತಾಡಿದ್ದೇವೆ. ಸರಳ ವಿವಾಹ ಮಾಡಿ, ಸಾಮೂಹಿಕ ವಿವಾಹದಲ್ಲಿ ಮಾಡಿ, ಸಾಲ ಮಾಡಿ ಛತ್ರ ಹಿಡಿಯಬೇಡಿ ಎಂದು ಮಠಗಳು ಹೇಳುತ್ತಲೇ ಬಂದಿವೆ. ಆದರೆ ಮದುವೆ ಮುರಿಯುವಾಗ ಆಗುವ ಖರ್ಚಿನ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಮದುವೆಗೆ ಮಾಡಿದ ಸಾಲ ತೀರುವ ಮೊದಲೇ ಕೋರ್ಟಿಗೆ ಇನ್ನೊಂದು ಸಾಲ ಮಾಡಿದ ಮನೆಗಳು ನಮ್ಮ ನಡುವೆ ಇವೆ. ಮಠದಲ್ಲಿ ಕೂತು ವಿಚ್ಛೇದನದ ಮಾತೇ ಎಂದು ಹಿರಿಯರಿಗೆ ಅನ್ನಿಸಬಹುದು. ಕೂಡಿಸುವ ಪ್ರಯತ್ನವೇ ಮೊದಲು ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ಎಲ್ಲ ಪ್ರಯತ್ನವೂ ಮುಗಿದು, ಇನ್ನು ಕೂಡಿ ಬಾಳುವುದು ಸಾಧ್ಯವಿಲ್ಲ ಎಂದು ಇಬ್ಬರೂ ನಿರ್ಧರಿಸಿದ ಮೇಲೆ ಏನು? ನನ್ನ ಮಾತು ಅಲ್ಲಿಂದ ಮುಂದಿನದು.

ಹಣ ಎಲ್ಲಿ ಹೋಗುತ್ತದೆ ಎಂಬುದನ್ನು ಮೊದಲು ನೋಡೋಣ. ಕೋರ್ಟ್ ಶುಲ್ಕ ದೊಡ್ಡದಲ್ಲ. ಹಣ ಹೋಗುವುದು ಕೇಸಿನ ಮೇಲೆ ಕೇಸು ಬೀಳುವುದರಿಂದ. ಹೆಂಡತಿ ಜೀವನಾಂಶಕ್ಕೆ ಒಂದು ಅರ್ಜಿ ಹಾಕುತ್ತಾಳೆ. ಗಂಡ, ಹೆಂಡತಿಯನ್ನು ಮನೆಗೆ ಕಳಿಸಿ ಎಂದು ಇನ್ನೊಂದು ಹಾಕುತ್ತಾನೆ. ಆಮೇಲೆ ಪೊಲೀಸ್ ಠಾಣೆ, ಅದರ ಜಾಮೀನು. ಕೊನೆಗೆ ವಿಚ್ಛೇದನದ ಅರ್ಜಿ, ಅದೂ ಬೆಂಗಳೂರಿನಲ್ಲಿ. ಪ್ರತಿ ಕೇಸಿಗೂ ಎರಡು ಕಡೆ ವಕೀಲರು, ಪ್ರತಿ ವಾಯಿದೆಗೂ ಬಸ್ಸು, ಊಟ, ಹೋದ ದಿನದ ಕೂಲಿ. ಇದರ ಜೊತೆಗೆ ಮಾತಾಡಿಸುತ್ತೇವೆಂದು ಬರುವ ಮಧ್ಯಸ್ಥರಿಗೆ ಕಾರು, ಖರ್ಚು. ಇದರಲ್ಲಿ ಮುಕ್ಕಾಲು ಪಾಲು ಕಾನೂನು ಕೇಳಿದ್ದಲ್ಲ, ನಮ್ಮ ಹಠ ಕೇಳಿದ್ದು.

ಒಂದು ಎಚ್ಚರಿಕೆ ಹೇಳಿಯೇ ಮುಂದೆ ಹೋಗುತ್ತೇನೆ. ಹೊಡೆತ, ಬಡಿತ, ವರದಕ್ಷಿಣೆ ಪೀಡನೆ ಇರುವ ಕಡೆ ಖರ್ಚು ಉಳಿಸಲೆಂದು ದೂರು ಕೊಡದೆ ಕೂರಬೇಡಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಅವರ ಕಚೇರಿಗೆ ಹೋಗಲು ವಕೀಲರು ಬೇಕಿಲ್ಲ, ಹಣವೂ ಬೇಕಿಲ್ಲ. ಜೀವ ಉಳಿದರೆ ತಾನೇ ಮಿಕ್ಕ ಲೆಕ್ಕ.

ಇನ್ನೊಂದು ಅಪಾಯ ಅಗ್ಗದ ವೇಷದಲ್ಲಿ ಬರುತ್ತದೆ. ಛಾಪಾಕಾಗದದ ಮೇಲೆ ಬರೆದು, ಊರ ನಾಲ್ಕು ಜನರ ಸಹಿ ಹಾಕಿಸಿ ‘ಮುಗೀತು’ ಎನ್ನುವುದು. 1955ರ ಹಿಂದೂ ವಿವಾಹ ಕಾಯ್ದೆಯ ಎರಡನೇ ಕಲಂನಲ್ಲಿ ವೀರಶೈವ, ಲಿಂಗಾಯತ ಎಂಬ ಹೆಸರುಗಳೇ ಇವೆ. ಸ್ವತಂತ್ರ ಧರ್ಮದ ಚರ್ಚೆ ಏನೇ ಇರಲಿ, ಇವತ್ತು ನಮ್ಮ ಮದುವೆಗಳಿಗೆ ಅನ್ವಯವಾಗುವುದು ಆ ಕಾಯ್ದೆ. ರೂಢಿಯ ವಿಚ್ಛೇದನಕ್ಕೆ ಅದರಲ್ಲಿ ಅವಕಾಶ ಉಳಿಸಿದ್ದಾರೆ, ನಿಜ. ಆದರೆ ಆ ರೂಢಿ ಇದೆಯೆಂದು ಸಾಕ್ಷಿ ಕೊಟ್ಟು ಸಾಬೀತು ಮಾಡಬೇಕು. ಅದೇ ಇನ್ನೊಂದು ವ್ಯಾಜ್ಯ. ಛಾಪಾಕಾಗದ ನಂಬಿ ಎರಡನೇ ಮದುವೆಯಾದವನ ಮೇಲೆ ದ್ವಿಪತ್ನಿತ್ವದ ಕೇಸು ಬಿದ್ದರೆ ಏಳು ವರ್ಷದವರೆಗೆ ಶಿಕ್ಷೆಯಾಗಬಹುದು. ಎರಡನೇ ಹೆಂಡತಿಯಾಗಿ ಬಂದ ಹೆಣ್ಣುಮಗಳ ಗತಿ ಏನು, ಯೋಚಿಸಿ.

ಹಾಗಾದರೆ ಕಡಿಮೆ ಖರ್ಚಿನ ದಾರಿ ಯಾವುದು? ಮೊದಲು ಒಪ್ಪಂದ, ಆಮೇಲೆ ಕೋರ್ಟು. 1976ರಲ್ಲಿ ಈ ಕಾಯ್ದೆಗೆ 13-ಬಿ ಕಲಂ ಸೇರಿತು. ಒಂದು ವರ್ಷ ಬೇರೆ ಬೇರೆಯಾಗಿ ಬಾಳಿರುವ ಗಂಡಹೆಂಡಿರು ಇಬ್ಬರೂ ಒಪ್ಪಿ ಒಂದೇ ಅರ್ಜಿ ಸಲ್ಲಿಸಬಹುದು. ಅವನು ಕೆಟ್ಟವನು, ಅವಳು ಕೆಟ್ಟವಳು ಎಂದು ಸಾಬೀತು ಮಾಡುವ ಕೆಲಸವೇ ಇಲ್ಲ. ಅರ್ಜಿ ಹಾಕಿ ಆರು ತಿಂಗಳಾದ ಮೇಲೆ, ಹದಿನೆಂಟು ತಿಂಗಳೊಳಗೆ, ಇಬ್ಬರೂ ಮತ್ತೆ ಬಂದು ಒಪ್ಪಿಗೆ ಹೇಳಬೇಕು. 2017ರಲ್ಲಿ ಅಮರದೀಪ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಆರು ತಿಂಗಳನ್ನೂ ಮನ್ನಾ ಮಾಡಬಹುದು ಎಂದಿತು. ಆದರೆ ಯಾವಾಗ? ಬೇರೆಯಾಗಿ ಸಾಕಷ್ಟು ಕಾಲ ಕಳೆದಿದ್ದು, ಕೂಡಿಸುವ ಪ್ರಯತ್ನ ವಿಫಲವಾಗಿ, ಜೀವನಾಂಶ, ಮಕ್ಕಳ ಪಾಲನೆ ಎಲ್ಲವೂ ಇತ್ಯರ್ಥವಾಗಿದ್ದಾಗ. ಅಂದರೆ ಮಾತು ಮುಗಿಸಿಕೊಂಡು ಬಂದವರಿಗೆ ಕಾಲವೂ ಉಳಿಯುತ್ತದೆ, ಹಣವೂ ಉಳಿಯುತ್ತದೆ.

ಅರ್ಜಿ ಎಲ್ಲಿ ಹಾಕಬೇಕು ಎಂಬುದೂ ಖರ್ಚಿನ ವಿಷಯ. ಮದುವೆ ನಡೆದ ಊರು, ಕೊನೆಗೆ ಕೂಡಿ ಬಾಳಿದ ಊರು, ಎದುರುದಾರರು ಇರುವ ಊರು, ಇವುಗಳ ಪೈಕಿ ಯಾವುದರ ನ್ಯಾಯಾಲಯಕ್ಕಾದರೂ ಹೋಗಬಹುದು. 2003ರ ತಿದ್ದುಪಡಿಯಿಂದ ಹೆಂಡತಿ ಅರ್ಜಿ ಹಾಕುವುದಾದರೆ ತಾನು ಇರುವ ಊರಿನಲ್ಲೇ ಹಾಕಬಹುದು. ಮಗ, ಸೊಸೆ ಬೆಂಗಳೂರಿನಲ್ಲಿ ಸಂಸಾರ ಮಾಡಿದ್ದರೂ ಮದುವೆ ತಿಪಟೂರಿನಲ್ಲಿ ಆಗಿದ್ದರೆ ಇಲ್ಲೇ ಅರ್ಜಿ ಹಾಕಬಹುದು.

ಇನ್ನು ವಕೀಲರ ಫೀಸು. ನಮ್ಮ ವೃತ್ತಿಯವರ ಬಗ್ಗೆ ನಾನೇ ಹೇಳಬೇಕು. ವಾಯಿದೆಗೆ ಇಷ್ಟು ಎಂದು ಒಪ್ಪಬೇಡಿ. ಇಡೀ ಕೇಸಿಗೆ ಎಷ್ಟು, ಅದರಲ್ಲಿ ಏನೇನು ಸೇರಿದೆ ಎಂದು ಮೊದಲೇ ಕೇಳಿ, ಬರೆಸಿಕೊಳ್ಳಿ, ರಸೀದಿ ಪಡೆಯಿರಿ. ಲಗ್ನಪತ್ರಿಕೆ, ಮದುವೆ ಫೋಟೊ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಪಹಣಿ ಎಲ್ಲವನ್ನೂ ಒಂದೇ ಸಲ ಜೋಡಿಸಿ ಕೊಡಿ. ತಾಯಂದಿರೇ, ಇದನ್ನು ಗಮನವಿಟ್ಟು ಕೇಳಿ: 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಹೆಣ್ಣುಮಕ್ಕಳಿಗೆ ಉಚಿತ ವಕೀಲರ ನೆರವು ಸಿಗುತ್ತದೆ. ಆದಾಯ ಎಷ್ಟಿದೆ ಎಂದು ಕೇಳುವಂತಿಲ್ಲ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವೆಗಳ ಸಮಿತಿ ಇದೆ. ದೂರವಾಣಿಯಲ್ಲಿ ಕೇಳುವುದಾದರೆ 15100. ಗಂಡನ ಕಡೆಯ ವಕೀಲರೇ ಇಬ್ಬರಿಗೂ ಒಪ್ಪಂದ ಬರೆದುಕೊಟ್ಟಿದ್ದರೆ, ಸಹಿಗೆ ಮೊದಲು ಈ ಸಮಿತಿಯ ವಕೀಲರಿಗೆ ತೋರಿಸಿ. ದುಡ್ಡಿಲ್ಲದೆ ಸಿಗುವ ಕಾವಲು ಅದು.

ಒಪ್ಪಂದದಲ್ಲಿ ಏನಿರಬೇಕು? ತೆಂಗಿನ ಸೀಮೆಯವರಾಗಿ ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. 2020ರ ರಜನೀಶ್ ಮತ್ತು ನೇಹಾ ಪ್ರಕರಣದ ತೀರ್ಪಿನಂತೆ ಜೀವನಾಂಶದ ವ್ಯಾಜ್ಯದಲ್ಲಿ ಇಬ್ಬರೂ ಆಸ್ತಿ, ಆದಾಯ, ಸಾಲದ ಪ್ರಮಾಣಪತ್ರ ಕೊಡಬೇಕು. ಕೋರ್ಟು ಕೇಳುವ ಮೊದಲೇ ಆ ಪಟ್ಟಿಯನ್ನು ಪ್ರಾಮಾಣಿಕವಾಗಿ ಮಾಡಿ ಮುಂದಿಡಿ. ತೋಟದವನಿಗೆ ತಿಂಗಳ ಸಂಬಳ ಇಲ್ಲ, ನಿಜ. ಆದರೆ ಅಟ್ಟದ ಮೇಲೆ ಕೊಬ್ಬರಿಯಾಗಲು ಕೂತಿರುವ ಕಾಯಿ ಆಸ್ತಿಯಲ್ಲವೇ? ಅದನ್ನು ಮುಚ್ಚಿಟ್ಟು ಲೆಕ್ಕ ಕೊಟ್ಟರೆ ಹೆಣ್ಣಿನ ಕಡೆಯವರಿಗೆ ತಿಳಿಯದೆ ಇರುವುದಿಲ್ಲ, ಅವರ ಮನೆಯಲ್ಲೂ ಅಟ್ಟ ಇದೆ. ಒಂದು ಸುಳ್ಳಿನಿಂದ ಆಗುವ ಒಪ್ಪಂದವೂ ಮುರಿದು, ಮತ್ತೆರಡು ವರ್ಷ ಕೋರ್ಟು.

ಧಾರಣೆಯ ವಿಷಯವೂ ಹಾಗೆಯೇ. 2024ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ. ಆಗ ಆ ಬೆಲೆಗಾಗಿ ಖರೀದಿ ಕೇಂದ್ರದ ಮುಂದೆ ಸಾಲು ನಿಂತೆವು. 2025ರಲ್ಲಿ ಮಾರುಕಟ್ಟೆಯ ಧಾರಣೆ ಅದರ ಎರಡರಷ್ಟನ್ನೂ ದಾಟಿತು. ಬೆಲೆ ಬಿದ್ದ ವರ್ಷದ ಲೆಕ್ಕ ಹಿಡಿದರೆ ಹೆಣ್ಣಿಗೆ ಮೋಸ, ಏರಿದ ವರ್ಷದ್ದನ್ನೇ ಹಿಡಿದರೆ ಗಂಡಿಗೆ ಸಾಲ. ನಾಲ್ಕೈದು ವರ್ಷದ ಸರಾಸರಿ ನೋಡಿ ಮೊತ್ತ ನಿಗದಿ ಮಾಡಿ. ಕಂತು ಮಾಡುವುದಾದರೆ ಕೊಬ್ಬರಿ ಮಾರುವ ಕಾಲಕ್ಕೆ ಹೊಂದಿಸಿ, ತಾರೀಖು ಬರೆಯಿರಿ. ಸ್ವಲ್ಪ ಭಾಗ ಅರ್ಜಿ ಹಾಕುವಾಗ, ಮಿಕ್ಕಿದ್ದು ಕೊನೆಯ ಆದೇಶದ ದಿನ ನ್ಯಾಯಾಧೀಶರ ಮುಂದೆ ಡಿಡಿ ಮೂಲಕ ಕೊಟ್ಟರೆ ಇಬ್ಬರಿಗೂ ಭದ್ರ.

ಹಣದ ಬದಲು ತೋಟ ಬಿಟ್ಟುಕೊಡುವುದಾದರೆ, ಅದು ಅಣ್ಣತಮ್ಮಂದಿರ ಜಂಟಿ ಖಾತೆಯಲ್ಲಿದ್ದರೆ ಮೊದಲು ವಿಭಾಗ ಆಗಬೇಕು. ಸರ್ವೆ ನಂಬರಿನ ಒಂದು ಭಾಗ ಕೊಡುವುದಾದರೆ 11-ಇ ನಕ್ಷೆ, ಆಮೇಲೆ ನೋಂದಣಿ, ಮ್ಯುಟೇಶನ್. ಬಾಯಿಮಾತಿನಲ್ಲಿ ‘ಆ ಎರಡು ಸಾಲು ಮರ ನಿನಗೆ’ ಎಂದರೆ ನಾಳೆ ಕಾಯಿ ಕೀಳುವ ದಿನವೇ ಜಗಳ.

ಒಡವೆಗೆ ತೂಕ ಸಮೇತ ಪಟ್ಟಿ ಮಾಡಿ. ತವರಿನಿಂದ ಬಂದ ಒಡವೆ ಅವಳದು. ವರದಕ್ಷಿಣೆ ಎಂದು ಯಾರ ಕೈಗೆ ಹೋಗಿದ್ದರೂ 1961ರ ಕಾಯ್ದೆಯ ಪ್ರಕಾರ ಅದು ಅವಳಿಗೇ ಸೇರಬೇಕು. ಮಕ್ಕಳ ಖರ್ಚನ್ನು ಬೇರೆಯಾಗಿಯೇ ಬರೆಯಿರಿ. ತಾಯಿ ‘ನನಗೇನೂ ಬೇಡ’ ಎಂದು ಸಹಿ ಹಾಕಿದರೂ ಮಗುವಿನ ಹಕ್ಕು ಹೋಗುವುದಿಲ್ಲ. ಖರ್ಚು ಉಳಿಸಿದೆವು ಎಂದು ಹೇಳಿ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸಿದರೆ, ಆ ಖರ್ಚು ಅವಳ ತಂದೆತಾಯಿಯ ತಲೆ ಮೇಲೆ ಬಿತ್ತು ಅಷ್ಟೆ. ಇಷ್ಟಲಿಂಗದ ಮುಂದೆ ಹೆಣ್ಣುಗಂಡಿನ ಭೇದ ಇಲ್ಲ ಎನ್ನುವ ನಾವು ಲೆಕ್ಕದ ಮುಂದೆಯೂ ಭೇದ ಮಾಡಬಾರದು.

ಇಲ್ಲಿ ಮಠಗಳ ಪಾತ್ರ ದೊಡ್ಡದು. ಸಿರಿಗೆರೆಯ ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠಕ್ಕೆ ಸೋಮವಾರ ಜನ ಜಮೀನಿನ ತಕರಾರು, ಮನೆಯ ಕಲಹ ಹೊತ್ತು ಹೋಗುವುದು ನಿಮಗೆ ಗೊತ್ತು. ಗುರುಗಳ ಮುಂದೆ ಕೂತಾಗ ಹಠ ಸ್ವಲ್ಪ ಇಳಿಯುತ್ತದೆ. ವಿಚ್ಛೇದನದ ಆದೇಶ ಕೊಡುವ ಅಧಿಕಾರ ಮಠಕ್ಕಿಲ್ಲ, ಅದು ಕೋರ್ಟಿನದು. ಆದರೆ ಕೋರ್ಟಿಗೆ ಒಯ್ಯುವ ಒಪ್ಪಂದ ಮಠದ ಜಗಲಿಯ ಮೇಲೆ ಸಿದ್ಧವಾಗಬಹುದು.

ಆದ್ದರಿಂದ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ನಮ್ಮ ಈ ಮೂರೂ ತಾಲ್ಲೂಕಿನ ಮಠಗಳಲ್ಲಿ ನನ್ನದೊಂದು ಬಿನ್ನಹ. ತಿಂಗಳಿಗೆ ಒಂದು ದಿನ, ಒಂದು ಕೋಣೆ ಕೊಡಿ. ಒಬ್ಬ ಹಿರಿಯ ಶರಣೆ, ಒಬ್ಬ ನಿವೃತ್ತ ಮೇಷ್ಟ್ರು, ಕಾನೂನು ಸೇವೆಗಳ ಸಮಿತಿಯಿಂದ ಒಬ್ಬ ವಕೀಲರು ಅಲ್ಲಿ ಕೂರಲಿ. ಬಂದವರಿಂದ ಕಾಣಿಕೆ ಬೇಡ, ಊಟ ದಾಸೋಹದಲ್ಲಿ ಆಗಲಿ. ಹುಡುಗಿಯ ಮಾತನ್ನು ಅವಳ ಬಾಯಿಂದಲೇ, ಯಾರೂ ಪಕ್ಕದಲ್ಲಿಲ್ಲದೆ ಕೇಳಲಿ. ಕೂಡುವವರು ಕೂಡಿ ಹೋಗಲಿ. ಬೇರಾಗಲೇಬೇಕಾದವರು ಒಂದು ಕಾಗದ ಹಿಡಿದು, ಒಂದೇ ಅರ್ಜಿಯೊಂದಿಗೆ ಕೋರ್ಟಿಗೆ ಹೋಗಲಿ. ಅವರ ತೋಟ ಅವರಿಗೆ, ಅವರ ಮಕ್ಕಳ ಶಾಲೆಯ ಫೀಸು ಮಕ್ಕಳಿಗೆ ಉಳಿಯಲಿ.