‘ಟೇಕ್ ಆಫ್’: ಪದ ಎರಡು, ಅರ್ಥ ಹಲವು



ಇಂಗ್ಲಿಷ್ ಪುಸ್ತಕವೊಂದನ್ನು ಓದುತ್ತಿದ್ದೀರಿ ಎನ್ನಿ. ವಾಕ್ಯದ ಒಂದೊಂದು ಪದವೂ ನಿಮಗೆ ಗೊತ್ತು. ಆದರೂ ವಾಕ್ಯದ ಅರ್ಥ ಮಾತ್ರ ಕೈಗೆ ಸಿಗುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಕಾಲೇಜಿಗೆ ಬಂದ ಎಷ್ಟೋ ವಿದ್ಯಾರ್ಥಿಗಳು ಇಂಥ ಕಡೆ ಎದೆಗುಂದುತ್ತಾರೆ. ‘ಇಂಗ್ಲಿಷ್ ನಮಗೆ ಹತ್ತುವ ವಿದ್ಯೆಯಲ್ಲ’ ಎಂದು ಪುಸ್ತಕ ಮುಚ್ಚುತ್ತಾರೆ. ಇದರಲ್ಲಿ ಅವರ ಬುದ್ಧಿಯ ಕೊರತೆಯೇನೂ ಇಲ್ಲ. ಇಂಗ್ಲಿಷಿನ ಒಂದು ವಿಶೇಷ ಗುಣವನ್ನು ಅವರಿಗೆ ಯಾರೂ ಬಿಡಿಸಿ ಹೇಳಿಲ್ಲ, ಅಷ್ಟೆ.

ಒಂದು ಸಣ್ಣ ಕ್ರಿಯಾಪದದ ಜೊತೆಗೆ ‘ಅಪ್’, ‘ಔಟ್’, ‘ಆಫ್’ ಮುಂತಾದ ಕಿರುಪದ ಸೇರಿ, ಎರಡೂ ಕೂಡಿ ಹೊಸದೊಂದು ಅರ್ಥ ಕೊಡುವುದೇ ಆ ಗುಣ. ಇಂಥ ಜೋಡಿಗೆ ‘ಫ್ರೇಸಲ್ ವರ್ಬ್’ ಎಂದು ಹೆಸರು. 1925ರಲ್ಲಿ ಲೋಗನ್ ಪಿಯರ್ಸಲ್ ಸ್ಮಿತ್ ತಮ್ಮ ಪುಸ್ತಕದಲ್ಲಿ ಈ ಹೆಸರನ್ನು ಬಳಸಿ, ಇದನ್ನು ಸೂಚಿಸಿದವರು ನಿಘಂಟುಕಾರ ಹೆನ್ರಿ ಬ್ರಾಡ್ಲಿ ಎಂದು ತಿಳಿಸಿದರು. ಹೆಸರು ಹೊಸದಾದರೂ ತೊಡಕು ಹಳೆಯದು. 1755ರಲ್ಲಿ ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದ ಸ್ಯಾಮುಯೆಲ್ ಜಾನ್ಸನ್, ಪರಭಾಷಿಕರಿಗೆ ಅತಿ ಹೆಚ್ಚು ಕಷ್ಟ ಕೊಡುವುದು ಈ ಜೋಡಿಗಳೇ ಎಂದು ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದಾನೆ. ಆದ್ದರಿಂದ ನಿಮಗೆ ಕಷ್ಟವಾದರೆ ನಾಚಿಕೆಪಡಬೇಕಾದ್ದಿಲ್ಲ.

ಇಂದು ಒಂದೇ ಒಂದು ಜೋಡಿಯನ್ನು ನೋಡೋಣ: ‘ಟೇಕ್ ಆಫ್’. ವಿಮಾನ ನೆಲ ಬಿಟ್ಟು ಮೇಲೇರುವುದಕ್ಕೆ ನಾವು ಕನ್ನಡದಲ್ಲೂ ಈ ಮಾತನ್ನೇ ಆಡುತ್ತೇವೆ. ಆದರೆ ಇದರ ಅರ್ಥ ಅಷ್ಟಕ್ಕೇ ನಿಲ್ಲುವುದಿಲ್ಲ.

‘ಟೇಕ್ ಆಫ್ ಯುವರ್ ಶೂಸ್’ ಎಂದರೆ ಬೂಟು ಕಳಚಿ ಎಂದು. ಇಲ್ಲಿ ಸಮಾನಾರ್ಥಕ ಪದ ‘ರಿಮೂವ್’. ‘ಟೇಕ್ ಟೆನ್ ರುಪೀಸ್ ಆಫ್ ದ ಪ್ರೈಸ್’ ಎಂದರೆ ಬೆಲೆಯಲ್ಲಿ ಹತ್ತು ರೂಪಾಯಿ ಕಡಿಮೆ ಮಾಡಿ ಎಂದು. ಇಲ್ಲಿ ಹೊಂದುವ ಪದ ‘ಡಿಡಕ್ಟ್’. ‘ಐ ಟುಕ್ ಮಂಡೇ ಆಫ್’ ಎಂದರೆ ಸೋಮವಾರ ರಜೆ ಹಾಕಿದೆ ಎಂದು. ಯಾರಾದರೂ ಇದ್ದಕ್ಕಿದ್ದಂತೆ ಹೊರಟುಹೋದರೂ ‘ಹೀ ಟುಕ್ ಆಫ್’ ಎನ್ನುತ್ತಾರೆ. ಇದು ‘ಡಿಪಾರ್ಟ್’ ಅಥವಾ ‘ಲೀವ್’ಗೆ ಹತ್ತಿರ. ‘ದ ಬಿಸಿನೆಸ್ ಟುಕ್ ಆಫ್’ ಎಂದರೆ ವ್ಯಾಪಾರ ಬೇಗನೆ ಏಳಿಗೆಗೆ ಬಂತು ಎಂದರ್ಥ. ಬ್ರಿಟಿಷ್ ಇಂಗ್ಲಿಷಿನಲ್ಲಿ ಒಬ್ಬರ ಮಾತು, ನಡಿಗೆಯನ್ನು ಅಣಕಿಸಿ ತೋರಿಸುವುದೂ ‘ಟೇಕ್ ಆಫ್’; ಆಗ ಸಮಾನಾರ್ಥಕ ಪದ ‘ಮಿಮಿಕ್’.

ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಇದೇ ಮಾತನ್ನು ಇನ್ನೊಂದು ಕಡೆ ಕಾಣುತ್ತಾರೆ. 1960ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಡಬ್ಲ್ಯು. ಡಬ್ಲ್ಯು. ರೋಸ್ಟೋ ಆರ್ಥಿಕ ಬೆಳವಣಿಗೆಯ ಐದು ಹಂತಗಳನ್ನು ಹೇಳಿ, ಮೂರನೆಯದಕ್ಕೆ ‘ಟೇಕ್ ಆಫ್’ ಎಂದು ಹೆಸರಿಟ್ಟರು. ಓಡುದಾರಿ ಬಿಟ್ಟು ಮೇಲೇಳುವ ವಿಮಾನದ ಚಿತ್ರ ಮನಸ್ಸಿನಲ್ಲಿದ್ದರೆ ಆ ಅಧ್ಯಾಯ ಅರ್ಧ ಅರ್ಥವಾದಂತೆಯೇ.

ಈಗ ಎಲ್ಲವನ್ನೂ ಒಟ್ಟಿಗೆ ನೋಡಿ. ‘ಆಫ್’ ಎಂಬುದರಲ್ಲಿ ‘ಅಂಟಿಕೊಂಡಲ್ಲಿಂದ ಬೇರೆಯಾಗುವುದು’ ಎಂಬ ಭಾವವಿದೆ. ಕಾಲಿನಿಂದ ಬೂಟು, ನೆಲದಿಂದ ವಿಮಾನ, ಬೆಲೆಯಿಂದ ಹತ್ತು ರೂಪಾಯಿ, ಕೆಲಸದಿಂದ ಒಂದು ದಿನ ಬೇರೆಯಾದವು. ಈ ಎಳೆ ಹಿಡಿದರೆ ಅರ್ಥಗಳು ನೆನಪಿನಲ್ಲಿ ಉಳಿಯುತ್ತವೆ.

ಒಂದು ಎಚ್ಚರಿಕೆ. ಪರೀಕ್ಷೆಗೆಂದು ‘ಟೇಕ್ ಆಫ್ ಅಂದರೆ ರಿಮೂವ್, ಡಿಡಕ್ಟ್, ಡಿಪಾರ್ಟ್, ಮಿಮಿಕ್’ ಎಂದು ಪಟ್ಟಿ ಉರುಹೊಡೆಯಬೇಡಿ. ತಾಯಿಯ ಕಡೆಯವರೂ ತಂದೆಯ ಕಡೆಯವರೂ ನಿಮಗೆ ನೆಂಟರೇ. ಆದರೆ ಅವರವರಲ್ಲಿ ಪರಿಚಯವೇ ಇಲ್ಲದಿರಬಹುದು. ಈ ಪದಗಳೂ ಹಾಗೆಯೇ. ವಿಮಾನ ‘ರಿಮೂವ್’ ಆಗುವುದಿಲ್ಲ. ಬೂಟು ‘ಡಿಪಾರ್ಟ್’ ಆಗುವುದಿಲ್ಲ. ಒಂದೊಂದು ಸಮಾನಾರ್ಥಕ ಪದವೂ ಒಂದೊಂದು ಅರ್ಥಕ್ಕೆ ಮಾತ್ರ ಸಲ್ಲುತ್ತದೆ.

ಬಳಸುವ ಸಂದರ್ಭದಲ್ಲೂ ವ್ಯತ್ಯಾಸವಿದೆ. ‘ಟೇಕ್’ ಪದ ಸ್ಕ್ಯಾಂಡಿನೇವಿಯದ ಜನರಿಂದ ಇಂಗ್ಲಿಷಿಗೆ ಬಂದದ್ದು. ‘ಆಫ್’ ಇಂಗ್ಲಿಷಿನದೇ ಹಳೆಯ ಪದ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಆಸ್ಥಾನದ ಭಾಷೆಯಾಯಿತು. ಫ್ರೆಂಚ್, ಲ್ಯಾಟಿನ್ ಮೂಲದ ‘ರಿಮೂವ್’, ‘ಡಿಪಾರ್ಟ್’, ‘ಡಿಡಕ್ಟ್’ನಂಥ ಪದಗಳಿಗೆ ಗಂಭೀರವಾದ ಬರವಣಿಗೆಯ ಧಾಟಿ ಅಂಟಿಕೊಂಡಿದೆ. ಆದ್ದರಿಂದಲೇ ದೇವಾಲಯದ ಫಲಕದಲ್ಲಿ ‘ರಿಮೂವ್ ಯುವರ್ ಫುಟ್‌ವೇರ್’ ಎಂದಿರುತ್ತದೆ. ಇಂಗ್ಲಿಷ್ ಮನೆಯ ತಾಯಿಯಾದರೋ ಮಗುವಿಗೆ ‘ಟೇಕ್ ಆಫ್ ಯುವರ್ ಶೂಸ್’ ಎನ್ನುತ್ತಾಳೆ. ಅರ್ಜಿ ಬರೆಯುವಾಗ ಮೊದಲನೆಯ ಧಾಟಿ, ಗೆಳೆಯರೊಡನೆ ಮಾತಿಗೆ ಎರಡನೆಯದು.

ವ್ಯಾಕರಣದ ಒಂದು ಮಾತು: ‘ಟೇಕ್ ಆಫ್ ಯುವರ್ ಶೂಸ್’, ‘ಟೇಕ್ ಯುವರ್ ಶೂಸ್ ಆಫ್’ ಎರಡೂ ಸರಿ. ಆದರೆ ಸರ್ವನಾಮ ಬಂದಾಗ ಅದು ನಡುವೆಯೇ ಇರಬೇಕು. ‘ಟೇಕ್ ದೆಮ್ ಆಫ್’ ಸರಿ, ‘ಟೇಕ್ ಆಫ್ ದೆಮ್’ ತಪ್ಪು.

ಇದೆಲ್ಲ ನಮಗೆ ತೀರ ಹೊಸತೇ? ನಮ್ಮ ‘ತೆಗೆ’ ಎಂಬ ಪದವನ್ನು ನೋಡಿ. ಬಾಗಿಲು ತೆಗೆದರೆ ತೆರೆದಂತೆ, ಅಂಗಿ ತೆಗೆದರೆ ಕಳಚಿದಂತೆ, ಅಂಕ ತೆಗೆದರೆ ಗಳಿಸಿದಂತೆ, ಜಗಳ ತೆಗೆದರೆ ಆರಂಭಿಸಿದಂತೆ. ಈ ಅರ್ಥಗಳ ಪಟ್ಟಿಯನ್ನು ನಿಮಗೆ ಯಾರೂ ಬಾಯಿಪಾಠ ಮಾಡಿಸಲಿಲ್ಲ. ‘ತೆಗೆ’ಯ ಪಕ್ಕದಲ್ಲಿರುವ ಪದವೇ ಅರ್ಥ ತಿಳಿಸಿತು. ಎಂದರೆ ಈ ಜಾಣ್ಮೆ ನಿಮ್ಮಲ್ಲಿ ಈಗಾಗಲೇ ಇದೆ. ಅದನ್ನೇ ಇಂಗ್ಲಿಷಿಗೂ ಬಳಸಬೇಕು.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಒಂದು ಜೋಡಿಗೆ ಒಂದು ಪುಟ. ಬರಿಯ ಅರ್ಥ ಬರೆಯದೆ, ಓದುವಾಗ ಸಿಕ್ಕಿದ ಇಡೀ ವಾಕ್ಯವನ್ನು ಬರೆಯಿರಿ. ಏನು, ಎಲ್ಲಿಂದ ಬೇರೆಯಾಯಿತು ಎಂದು ಕೇಳಿಕೊಳ್ಳಿ. ಆಮೇಲೆ ಆ ವಾಕ್ಯಕ್ಕೆ ಹೊಂದುವ ಸಮಾನಾರ್ಥಕ ಪದವನ್ನು ನಿಘಂಟಿನಲ್ಲಿ ಹುಡುಕಿ.

ಈ ಮೂರು ವಾಕ್ಯಗಳಿಂದಲೇ ಆರಂಭಿಸಬಹುದು: ‘ಶೀ ಟುಕ್ ಆಫ್ ಹರ್ ಗ್ಲಾಸಸ್’, ‘ದ ಥೀಫ್ ಸಾ ದ ಪೊಲೀಸ್ ಅಂಡ್ ಟುಕ್ ಆಫ್’, ‘ಹರ್ ಕರಿಯರ್ ಟುಕ್ ಆಫ್ ಇನ್ ಎ ಇಯರ್’. ಉತ್ತರ ನಿಮಗೇ ಹೊಳೆಯುತ್ತದೆ. ಹೊಳೆದಾಗ ಮುಂದಿನ ಪುಟಕ್ಕೆ ‘ಪುಟ್ ಆಫ್’ ಎಂದು ಶೀರ್ಷಿಕೆ ಬರೆಯಿರಿ.